ಜಲಜಾಕ್ಷಿ ಟೀಚರರ ನಿರೀಕ್ಷಿತ ಉತ್ತರ

ಜಲಜಾಕ್ಷಿ ಟೀಚರರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಖಾಲಿ ಜಾಗವನ್ನು ಕಂಡು. ಉಳಿದವರಿಗೆ ತುಂಬಿದ್ದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಪಕ್ಕದ ಮನೆಯ ತುಂಬಿದ ಅಂಗಳ, ನಾದಿನಿಯ ಕತ್ತು ತುಂಬಿದ ಚಿನ್ನ, ಹೀಗೆ. ಟೀಚರರದ್ದು ಬೇರೆಯೇ ಕೇಸು. ಅವರ ಮೇಜಿನ ಮೇಲೆ ಸಹಿಗೆ ಬಂದದ್ದು ವಿನೀತ್ ಎಂಬ ಟ್ರೈನಿಯ ಪಾಠಯೋಜನೆ. ಎಡಗಡೆಯ ಅಂಕಣದಲ್ಲಿ ಪ್ರಶ್ನೆಗಳಿದ್ದವು. ಬಲಗಡೆ, ‘ನಿರೀಕ್ಷಿತ ಉತ್ತರ’ ಎಂಬ ತಲೆಬರಹದ ಕೆಳಗೆ, ತೊಳೆದಿಟ್ಟ ಬಟ್ಟಲಿನ ಹಾಗೆ ಏನೂ ಇರಲಿಲ್ಲ.

“ಇದೆಂತದು? ಉತ್ತರ ಎಲ್ಲುಂಟು?” ಎಂದು ಕೇಳಿದರು ಟೀಚರ್.

“ಮಕ್ಕಳ ಹತ್ರ ಉಂಟು ಟೀಚರ್,” ಎಂದ ವಿನೀತ್, ಬಹಳ ವಿನೀತನಾಗಿಯೇ. “ಸೌಮ್ಯಶ್ರೀ ಟೀಚರ್ ಹೇಳಿದ್ರು. ನಾವು ಮೊದಲೇ ಬರೆದಿಟ್ರೆ ಮತ್ತೆ ಅದನ್ನೇ ಹುಡುಕ್ತಾ ಇರ್ತೇವಂತೆ. ಮಗು ಬೇರೆ ಎಂತಾದ್ರೂ ಹೇಳಿದ್ರೆ ನಮ್ಮ ಕಿವಿಗೆ ಹೋಗುದೇ ಇಲ್ಲವಂತೆ.”

ಸೌಮ್ಯಶ್ರೀ ಟೀಚರ್ ಹೇಳಿದ್ರು. ಆ ವರ್ಷ ಜೂನ್‌ನಿಂದ ಈ ಮಾತು ಸಂಸ್ಥೆಯ ಜಗಲಿಯಲ್ಲಿ, ನಳ್ಳಿಯ ಹತ್ತಿರ, ಬಸ್ಸಿಗೆ ಕಾಯುವಲ್ಲಿ, ಎಲ್ಲ ಕಡೆಯೂ ಸೊಳ್ಳೆಯ ಹಾಗೆ ಟೀಚರರ ಕಿವಿಯ ಪಕ್ಕ ಹಾರುತ್ತಿತ್ತು. ಹೊಡೆಯಲು ಕೈ ಎತ್ತಿದರೆ ಹೊಡೆತ ಬೀಳುವುದು ತನ್ನ ಕೆನ್ನೆಗೇ.

ಮುಳ್ಳೇರಿಯ ಪೇಟೆಯಿಂದ ಸ್ವಲ್ಪ ಮೇಲೆ, ಗುಡ್ಡದ ಬದಿಯಲ್ಲಿ ಈ ಅಧ್ಯಾಪಕ ತರಬೇತಿ ಸಂಸ್ಥೆ ಇರುವುದು. ಮುಂದೆ ಮಕ್ಕಳಿಗೆ ಪಾಠ ಮಾಡುವವರಿಗೆ ಇಲ್ಲಿ ಪಾಠ. ರಸ್ತೆಯ ಆಚೆ ಬದಿಯ ಪ್ರಾಥಮಿಕ ಶಾಲೆಯೇ ಇವರ ಅಭ್ಯಾಸದ ಕಣ. ಟ್ರೈನಿಗಳು ಅಲ್ಲಿಗೆ ಹೋಗಿ ಪಾಠ ಮಾಡಬೇಕು, ಇವರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹುಡುಕಬೇಕು. ಕನ್ನಡ ಕಲಿಸುವುದು ಹೇಗೆಂದು ಕಲಿಸುವ ಕೆಲಸ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಜಲಜಾಕ್ಷಿ ಟೀಚರರದ್ದು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇಂದು ಸೀಮೆಸುಣ್ಣ ಹಿಡಿದ ಎಷ್ಟೋ ಕೈಗಳನ್ನು ಅವರು ತಿದ್ದಿದ್ದಾರೆ. ಅವರ ಹೆಸರು ನಿಂತದ್ದು ಪ್ರಶ್ನೆಗಳ ಮೇಲೆ. ಯಾವ ಪಾಠ ಕೊಟ್ಟರೂ ನೆನಪಿನ ಪ್ರಶ್ನೆ, ಅರ್ಥದ ಪ್ರಶ್ನೆ, ಅಲ್ಲಿಂದ ಮೇಲೆ ಮೇಲೆ ಹತ್ತಿ ವಿಶ್ಲೇಷಣೆಯ ಪ್ರಶ್ನೆ, ಮೌಲ್ಯಮಾಪನದ ಪ್ರಶ್ನೆ, ಸೃಷ್ಟಿಯ ಪ್ರಶ್ನೆ, ಹೀಗೆ ರಟ್ಟಿನ ಚೀಟಿಗಳಲ್ಲಿ ಬರೆದು ಒಂದು ಚಪ್ಪಲಿಯ ಡಬ್ಬದಲ್ಲಿ ಜೋಡಿಸಿಡುತ್ತಿದ್ದರು. ಪ್ರತಿ ಚೀಟಿಯ ಮೇಲ್ಭಾಗದಲ್ಲಿ ನೀಲಿ ಶಾಯಿಯ ಪ್ರಶ್ನೆ, ಕೆಳಗೆ ಹಸಿರು ಶಾಯಿಯ ಉತ್ತರ. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಆ ಡಬ್ಬದಲ್ಲಿ ಉಂಟೇ ಎಂದು ಕೇಳಿದರೆ, ಆ ಪ್ರಶ್ನೆಯೇ ಇಲ್ಲ.

ಹಸಿರು ಶಾಯಿಗೆ ಒಂದು ಹಳೆಯ ಕಾರಣವಿತ್ತು. ಟೀಚರ್ ಹುಟ್ಟಿದ್ದು ಕುಂಬ್ಡಾಜೆಯಲ್ಲಿ, ಮನೆಮಾತು ತುಳು. ಅಪ್ಪ ಚೆನ್ನಯ್ಯ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದವರು. ಒಂದನೇ ಕ್ಲಾಸಿನ ಮೊದಲ ದಿನ ಮಾಸ್ಟ್ರು ಕನ್ನಡದಲ್ಲಿ ಏನೋ ಕೇಳಿದರು. ಜಲಜಾಕ್ಷಿಗೆ ಒಂದಕ್ಷರ ಗೊತ್ತಾಗಲಿಲ್ಲ, ಕಣ್ಣು ತುಂಬಿತು. ಹೆಸರಿನಲ್ಲಿ ಜಲವೂ ಅಕ್ಷಿಯೂ ಎರಡೂ ಇದ್ದ ಮೇಲೆ ಅದಕ್ಕೇನು ತಡ. ಆಗ ಪಕ್ಕದ ಹುಡುಗಿ ಕಿವಿಯಲ್ಲಿ ಮೂರು ಶಬ್ದ ಹೇಳಿದಳು. ಇವಳು ಅದನ್ನೇ ಗಟ್ಟಿಯಾಗಿ ಹೇಳಿದಳು. ಮಾಸ್ಟ್ರು ‘ಭೇಷ್’ ಎಂದರು. ಏನು ಕೇಳಿದರು, ತಾನು ಏನು ಹೇಳಿದೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದದ್ದು ಒಂದೇ: ಉತ್ತರ ಮೊದಲೇ ಕೈಯಲ್ಲಿದ್ದರೆ ಯಾವ ಭಾಷೆಗೂ ಹೆದರಬೇಕಾಗಿಲ್ಲ. ಆ ಒಂದು ಪಾಠದ ಮೇಲೆ ಅವರು ಕನ್ನಡ ಎಂ.ಎ. ಮಾಡಿದರು, ಬಿ.ಎಡ್. ಮಾಡಿದರು, ಗುರುಗಳ ಗುರು ಆದರು.

ಸೌಮ್ಯಶ್ರೀಗೆ ಇಂಥ ಯಾವ ತಾಪತ್ರಯವೂ ಇರಲಿಲ್ಲ. ಕನ್ನಡ ಅವಳ ಮನೆಯಲ್ಲೇ ಮಜ್ಜಿಗೆಯ ಹಾಗೆ ಸಿಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಇದೇ ಸಂಸ್ಥೆಯಲ್ಲಿ ಜಲಜಾಕ್ಷಿ ಟೀಚರರ ಟ್ರೈನಿ. ಮೂರನೇ ಬೆಂಚಿನಲ್ಲಿ ಕೂತು ಸದ್ದಿಲ್ಲದೆ ಕೇಳುತ್ತಿದ್ದ ಹುಡುಗಿ. ಈಗ ಎಂ.ಎಡ್. ಮಾಡಿಕೊಂಡು ಅದೇ ಸ್ಟಾಫ್‌ರೂಮಿನ ಕಿಟಕಿ ಪಕ್ಕದ ಕುರ್ಚಿಗೆ ಬಂದಿದ್ದಳು. ಟ್ರೈನಿಗಳನ್ನು ಇಬ್ಬರೂ ಅರ್ಧ ಅರ್ಧ ಹಂಚಿಕೊಂಡರು. ಅರ್ಧ ಎನ್ನುವುದು ಕಾಗದದಲ್ಲಿ. ಊಟದ ಬಿಡುವಿನಲ್ಲಿ ನೋಡಿದರೆ ಎಲ್ಲ ಟ್ರೈನಿಗಳೂ ಸೌಮ್ಯಶ್ರೀಯ ಸುತ್ತ, ಹಲಸಿನ ಹಣ್ಣು ಕೊಯ್ದಲ್ಲಿ ನೊಣ ಕೂತ ಹಾಗೆ.

ಹಾಗಂತ ಅವಳು ದೊಡ್ಡ ಮಾತುಗಾರ್ತಿ ಏನಲ್ಲ. ಅದೇ ಟೀಚರರಿಗೆ ಅರ್ಥವಾಗದ್ದು. ಅವಳು ಒಂದು ಪ್ರಶ್ನೆ ಕೇಳುತ್ತಾಳೆ, ಆಮೇಲೆ ಸುಮ್ಮನೆ ನಿಲ್ಲುತ್ತಾಳೆ. ಯಾರೂ ಉತ್ತರಿಸದಿದ್ದರೂ ನಿಲ್ಲುತ್ತಾಳೆ. ಒಬ್ಬ ಉತ್ತರಿಸಿದ ಮೇಲೂ ನಿಲ್ಲುತ್ತಾಳೆ. ಆ ಮೌನ ತಾಳಲಾರದೆ ಯಾರಾದರೂ ಬಾಯಿ ಬಿಡುತ್ತಾರೆ, ಅದಕ್ಕೆ ಇನ್ನೊಬ್ಬ ‘ಅಲ್ಲ’ ಎನ್ನುತ್ತಾನೆ, ಕ್ಲಾಸು ಕುದಿಯತೊಡಗುತ್ತದೆ.

“ಸಂಬಳ ಮಾತಾಡ್ಲಿಕ್ಕೆ ಕೊಡುದಾ, ಸುಮ್ಮನೆ ನಿಲ್ಲಿಕ್ಕೆ ಕೊಡುದಾ?” ಎಂದು ಆ ಸಂಜೆ ಟೀಚರ್ ಗಂಡನನ್ನು ಕೇಳಿದರು. ಗಂಡ ಧನರಾಜ್; ಹೆಸರಿನಲ್ಲಿ ಧನವೂ ರಾಜ್ಯವೂ ಇದ್ದರೂ ಕೈಯಲ್ಲಿರುವುದು ಸ್ಪ್ಯಾನರ್. ಮುಳ್ಳೇರಿಯದಲ್ಲಿ ಪಂಪು ರಿಪೇರಿಯ ಅಂಗಡಿ.

“ನಿನಗೆ ಅವಳು ನಿಂತದ್ದಕ್ಕಾ ಬೇಜಾರು, ಮಕ್ಕಳು ಮಾತಾಡಿದ್ದಕ್ಕಾ?”

“ನನಗೆಂತ ಬೇಜಾರು? ನನಗೆ ಎದೆ ಉರಿ. ಮಧ್ಯಾಹ್ನದ ಕಡಲೆ ಗಸಿ ಜೀರ್ಣ ಆಗ್ಲಿಲ್ಲ.”

ಧನರಾಜ್ ಎದ್ದು ಜೆಲುಸಿಲ್ ಬಾಟಲಿ ತಂದುಕೊಟ್ಟರು. ಜೆಲಸಿಗೆ ಜೆಲುಸಿಲ್, ಔಷಧದ ಹೆಸರಿನಲ್ಲೇ ರೋಗವೂ ಇದೆಯೆಂದು ಅವರಿಗೆ ಹೊಳೆದಿರಬೇಕು, ಆದರೆ ಮದುವೆಯಾಗಿ ಇಷ್ಟು ವರ್ಷವಾದ ಗಂಡಸು ಹೊಳೆದದ್ದನ್ನೆಲ್ಲ ಹೇಳುವುದಿಲ್ಲ.

ಉರಿಗೆ ತುಪ್ಪ ಬಿದ್ದದ್ದು ಆಗಸ್ಟಿನಲ್ಲಿ. ಕನ್ನಡ ಅಧ್ಯಾಪಕರಿಗೆ ತರಬೇತಿ ಕೊಡುವ ರಾಜ್ಯ ತಂಡಕ್ಕೆ ಈ ಸಂಸ್ಥೆಯಿಂದ ಪ್ರತಿ ವರ್ಷ ಒಬ್ಬರು ತಿರುವನಂತಪುರಕ್ಕೆ ಹೋಗುವುದು. ಆ ಒಬ್ಬರು ಎಂದರೆ ಜಲಜಾಕ್ಷಿ ಟೀಚರ್; ಅದರಲ್ಲಿ ಆಯ್ಕೆಯೆಂಬ ಮಾತೇ ಇರಲಿಲ್ಲ, ರೈಲಿನ ಟಿಕೆಟ್ ತೆಗೆಯುವುದೊಂದೇ ಇದ್ದದ್ದು. ಕುಂಬ್ಡಾಜೆಯ ಟ್ಯಾಪಿಂಗ್ ಚೆನ್ನಯ್ಯನ ಮಗಳು ರಾಜಧಾನಿಯಲ್ಲಿ ಮೈಕು ಹಿಡಿದು ಕನ್ನಡದ ಅಧ್ಯಾಪಕರಿಗೆ ಕನ್ನಡ ಹೇಳಿಕೊಡುವುದು, ಅದು ಅವರ ಬಾಳಿನ ಇಡೀ ಫಸಲು. ಈ ವರ್ಷ ವಿಷಯ ‘ಭಾಷಾ ತರಗತಿಯಲ್ಲಿ ಉನ್ನತ ಚಿಂತನಾ ಕೌಶಲ’. ಜೊತೆಗೆ ಹೊಸದೊಂದು ಕ್ರಮ: ಮೇಲಿನಿಂದ ಅಧಿಕಾರಿ ಬಂದು, ಇಬ್ಬರ ಟ್ರೈನಿಗಳ ಪಾಠ ನೋಡಿ, ಯಾರು ಹೋಗಬೇಕೆಂದು ನಿಶ್ಚಯಿಸುತ್ತಾರೆ. ಮಕ್ಕಳಿಗೆ ಉನ್ನತ ಚಿಂತನೆ; ಟೀಚರರಿಗೆ ಉನ್ನತ ಚಿಂತೆ.

ಸೌಮ್ಯಶ್ರೀ ವಿನೀತನನ್ನು ಆರಿಸಿದಳು. ಟೀಚರ್ ಅಶ್ಮಿತಾಳನ್ನು. ಅಕ್ಷರ ಮುತ್ತು, ಸ್ವರ ಗಂಟೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಐದನೇ ತರಗತಿಯ ಎ ಡಿವಿಷನ್ ಅಶ್ಮಿತಾಳಿಗೆ, ಬಿ ಡಿವಿಷನ್ ವಿನೀತನಿಗೆ. ಪಾಠ ಇಬ್ಬರಿಗೂ ಒಂದೇ, ಅರ್ಧ ಪುಟದ ಒಂದು ಕತೆ. ಒಬ್ಬ ಅಜ್ಜಿ ದೊಡ್ಡ ಹಲಸಿನ ಹಣ್ಣು ಇಟ್ಟುಕೊಂಡು ಸಂಜೆಯ ಕೊನೆಯ ಬಸ್ಸಿಗೆ ಕಾಯುತ್ತಾಳೆ. ಮಗಳ ಮನೆಗೆ ಮೊಮ್ಮಕ್ಕಳು ಬಂದಿದ್ದಾರೆ, ಅವರಿಗೆಂದು ಹಣ್ಣು. ಬಸ್ಸು ಬರುತ್ತದೆ, ತುಂಬಿರುತ್ತದೆ, ಡ್ರೈವರ್ ನಿಲ್ಲಿಸದೆ ಹೋಗುತ್ತಾನೆ. ಕತೆ ಅಷ್ಟೇ. ಉಳಿದದ್ದು ಮಕ್ಕಳು ಯೋಚಿಸಬೇಕು.

ಮಕ್ಕಳು ಯೋಚಿಸದಿದ್ದರೆ? ಟೀಚರರಿಗೆ ನಿದ್ದೆ ಹತ್ತದೆ ಹೋದದ್ದು ಇದೇ ವಿಷಯಕ್ಕೆ. ನಮ್ಮ ಕಡೆ ಡೆಮಾನ್‌ಸ್ಟ್ರೇಷನ್ ಪಾಠಕ್ಕೆ ಮುಂಚಿನ ದಿನ ಅದೇ ಪಾಠವನ್ನು ಮಕ್ಕಳಿಗೆ ಒಮ್ಮೆ ‘ಓಡಿಸಿ ನೋಡುವ’ ಪದ್ಧತಿ ಇದ್ದದ್ದೇ. ಹೊಸ ಮನೆಯ ಒಕ್ಕಲಿಗೆ ಮುಂಚೆ ನಳ್ಳಿಯಲ್ಲಿ ನೀರು ಬರುತ್ತದೋ ಎಂದು ತಿರುಗಿಸಿ ನೋಡುವುದಿಲ್ಲವೇ, ಹಾಗೆ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಯಾರೂ ಹೇಳಿಕೊಳ್ಳುವುದೂ ಇಲ್ಲ. ಆದರೆ ಈ ಸಲ ಓಡಿಸಬೇಕಾದದ್ದು ಚಿಂತನೆಯನ್ನು. ಟೀಚರ್ ಕೈಬಿಡಲಿಲ್ಲ. ಅಶ್ಮಿತಾಳಿಗೂ ಹೇಳದೆ, ಪಿ.ಟಿ. ಪಿರಿಯಡ್ ಕೇಳಿ ತೆಗೆದುಕೊಂಡು, ಎ ಡಿವಿಷನ್ನಿನ ಮಕ್ಕಳನ್ನು ಕೂರಿಸಿ ಪಾತ್ರ ಹಂಚಿದರು.

“ಯತಿನ್, ನೀನು ಮೊದಲು ಏಳ್ಬೇಕು. ‘ಡ್ರೈವರ್ ಮಾಡಿದ್ದು ತಪ್ಪು’ ಅಂತ ಹೇಳ್ಬೇಕು. ಪೂಜಾಶ್ರೀ, ಇವನು ಕೂತ ಕೂಡ್ಲೆ ನೀನು. ‘ನನಗೆ ಬೇರೆ ಅನ್ನಿಸುತ್ತದೆ ಟೀಚರ್’.”

“ಎಂತ ಅನ್ನಿಸುತ್ತದೆ ಟೀಚರ್?” ಎಂದಳು ಪೂಜಾಶ್ರೀ.

“ಅದು ಮತ್ತೆ ಹೇಳ್ತೇನೆ. ಮೊದಲು ಇದು ಬರ್ಲಿ. ಹೇಳುವ ಮೊದಲು ಸ್ವಲ್ಪ ತಲೆ ಎತ್ತಿ ಮಾಡು ನೋಡ್ಬೇಕು. ಯೋಚಿಸುವವರು ಮಾಡು ನೋಡ್ತಾರೆ.”

ಮಕ್ಕಳೆಲ್ಲ ತಲೆಯೆತ್ತಿ ಮಾಡಿನ ಹಂಚು ನೋಡಿದರು. ಅಲ್ಲಿ ಒಂದು ಹಲ್ಲಿ ಇತ್ತು. ಅದೂ ಯೋಚಿಸುತ್ತಿದ್ದ ಹಾಗೆ ಕಂಡಿತು. ಒಬ್ಬನಿಗೆ ‘ಇಬ್ಬರು ಹೇಳಿದ್ದರಲ್ಲಿಯೂ ಸತ್ಯ ಉಂಟು’ ಎಂಬ ಸಮನ್ವಯದ ಪಾತ್ರ ಸಿಕ್ಕಿತು. ಮತ್ತೊಬ್ಬನಿಗೆ ಬೇಕೆಂದೇ ಒಂದು ತಪ್ಪು ಉತ್ತರ, ಎಲ್ಲವೂ ಸರಿಯಾಗಿದ್ದರೆ ಸಂಶಯ ಬರುತ್ತದೆಂದು. ನಾಲ್ಕನೇ ಸಲ ಓಡಿಸುವಾಗ ಸಂವಾದ ಎಷ್ಟು ಸಹಜವಾಗಿ ಬಂತೆಂದರೆ ಟೀಚರರಿಗೇ ರೋಮಾಂಚನವಾಯಿತು. ಸೌಮ್ಯಶ್ರೀ ಎಷ್ಟು ಹೊತ್ತು ಬಾಯಿ ಮುಚ್ಚಿ ನಿಂತರೆ ಇಂಥ ಚರ್ಚೆ ಹುಟ್ಟೀತು? ನಿಲ್ಲಲಿ, ಬೇರು ಬರುವ ತನಕ ನಿಲ್ಲಲಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ಪೂಜಾಶ್ರೀಗೆ ಏನನ್ನಿಸಬೇಕು ಎಂದು ಹೇಳಿಕೊಡುವುದು ಬಾಕಿಯೇ ಆಯಿತು.

ಮರುದಿನ ಬಂದ ಅಧಿಕಾರಿ ಸುಗುಣನ್ ಸಾರ್ ಆಲಪ್ಪುಳ ಕಡೆಯವರು. ಬಿಳಿ ಮೀಸೆ, ಮೃದು ಮಾತು, ಒಂದೇ ಒಂದು ಕೊರತೆ: ಕನ್ನಡ ಬಾರದು. ಕನ್ನಡದ ಪಾಠವನ್ನು ಕನ್ನಡ ಬಾರದವರು ಬಂದು ಅಳೆಯುವುದು ಕಾಸರಗೋಡಿನಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕೂತು ಮಲಯಾಳದಲ್ಲಿ ಹೇಳುತ್ತಾ ಹೋದರಾಯಿತು.

ಚಹಾ ಕುಡಿದ ಮೇಲೆ ಸುಗುಣನ್ ಸಾರ್ ನಗುತ್ತಾ ಮಲಯಾಳದಲ್ಲಿ ಹೇಳಿದರು. “ಪಳಗಿದ ಮಕ್ಕಳ ಎದುರು ಯಾರು ಬೇಕಾದರೂ ಪಾಠ ಮಾಡುತ್ತಾರೆ. ನಾನೂ ಅಧ್ಯಾಪಕನಾಗಿದ್ದವನೇ ಅಲ್ಲವೇ? ಡಿವಿಷನ್ ಅದಲುಬದಲು ಮಾಡೋಣ. ಮತ್ತೆ, ತಮ್ಮ ಟ್ರೈನಿಯ ಪಾಠವನ್ನು ತಾವೇ ಭಾಷಾಂತರಿಸುವುದು ಬೇಡ. ಅವರದ್ದಕ್ಕೆ ಇವರು, ಇವರದ್ದಕ್ಕೆ ಅವರು.”

ಟೀಚರ್ ಬೆವರು ಸುರಿಸಿ ಬೆಳೆಸಿದ ಚಿಂತನೆಯೆಲ್ಲ ವಿನೀತನ ಕಣಜಕ್ಕೆ. ಓಡಿಸಿ ನೋಡಿದ ವಿಷಯ ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಹೇಳದಿದ್ದರೆ ಸೌಮ್ಯಶ್ರೀಗೆ ರೈಲಿನ ಟಿಕೆಟ್.

ಮೊದಲು ಅಶ್ಮಿತಾ ಬಿ ಡಿವಿಷನ್ನಿಗೆ ಹೋದಳು. ಸುಗುಣನ್ ಸಾರರ ಪಕ್ಕದಲ್ಲಿ ಸೌಮ್ಯಶ್ರೀ, ಹಿಂದಿನ ಬೆಂಚಿನಲ್ಲಿ ಟೀಚರ್. ಹುಡುಗಿ ಚೆನ್ನಾಗಿಯೇ ಓದಿದಳು, ಚೆನ್ನಾಗಿಯೇ ಕೇಳಿದಳು. ಆದರೆ ಬಿ ಡಿವಿಷನ್ನಿನ ಮಕ್ಕಳಿಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ. ಒಬ್ಬ ಎದ್ದು, “ಅಜ್ಜಿಗೆ ರಿಕ್ಷಾ ಮಾಡಬಹುದಿತ್ತು,” ಎಂದ. ಅಶ್ಮಿತಾಳ ಬಲಗಡೆಯ ಅಂಕಣದಲ್ಲಿ ರಿಕ್ಷಾ ಇರಲಿಲ್ಲ. “ಸರಿ, ಬೇರೆ ಯಾರು?” ಎಂದಳು. ಇನ್ನೊಬ್ಬಳು ಅರ್ಧ ತುಳು ಅರ್ಧ ಕನ್ನಡದಲ್ಲಿ ಏನೋ ಹೇಳಿದಳು. ಅದೂ ಅಂಕಣದಲ್ಲಿ ಇರಲಿಲ್ಲ. ಅಶ್ಮಿತಾ ಬೇಲಿಯ ಸಂದಿನಲ್ಲಿ ಕೋಳಿ ಹುಡುಕುವವಳ ಹಾಗೆ ಆ ಒಂದೇ ಉತ್ತರಕ್ಕಾಗಿ ಕ್ಲಾಸಿಡೀ ಅಲೆದಳು.

ಆದರೆ ಟೀಚರ್ ಕಿವಿಗೊಟ್ಟದ್ದು ಭಾಷಾಂತರಕ್ಕೆ. ಸೌಮ್ಯಶ್ರೀ ತಗ್ಗಿದ ಸ್ವರದಲ್ಲಿ ಮಲಯಾಳದಲ್ಲಿ ಹೇಳುತ್ತಿದ್ದಳು: ಮಗು ಬೇರೆ ದಾರಿ ಸೂಚಿಸುತ್ತಿದ್ದಾನೆ ಸಾರ್, ಅಶ್ಮಿತಾ ಅವನ ಮಾತನ್ನು ತಳ್ಳಿಹಾಕದೆ ಉಳಿದವರಿಗೂ ಅವಕಾಶ ಕೊಡುತ್ತಿದ್ದಾಳೆ, ಪ್ರಶ್ನೆಯ ಕ್ರಮ ನೋಡಿ ಸಾರ್, ಮೆಟ್ಟಿಲು ಮೆಟ್ಟಿಲಾಗಿ, ಇದು ಜಲಜಾಕ್ಷಿ ಟೀಚರರ ರೀತಿ. ಒಂದು ಕಡೆಯೂ ಸುಳ್ಳಿಲ್ಲ, ಒಂದು ಕಡೆಯೂ ಕುಂದಿಲ್ಲ. ಬಿದ್ದ ಪಾಠವನ್ನು ಕೈಹಿಡಿದು ಎಬ್ಬಿಸಿ, ಮಣ್ಣು ಕೊಡವಿ, ತಲೆ ಬಾಚಿ ನಿಲ್ಲಿಸುತ್ತಿದ್ದಳು.

ಟೀಚರರಿಗೆ ಮೈ ಉರಿದುಹೋಯಿತು. ಒಳ್ಳೆಯವಳೂ ಆಗಬೇಕೆ ಇವಳು? ಚುರುಕು ಸಾಲದೇ, ವಯಸ್ಸು ಸಾಲದೇ, ಮನೆಯಲ್ಲೇ ಮಜ್ಜಿಗೆಯ ಹಾಗೆ ಸಿಕ್ಕಿದ ಕನ್ನಡ ಸಾಲದೇ, ಇನ್ನು ಔದಾರ್ಯವೂ ಬೇರೆ?

ಎ ಡಿವಿಷನ್ನಿನಲ್ಲಿ ಸುಗುಣನ್ ಸಾರರ ಪಕ್ಕ ಕೂರುವ ಸರದಿ ಟೀಚರರದ್ದು. ಅನುವಾದದಲ್ಲಿ ವಾದಕ್ಕೂ ಜಾಗ ಉಂಟೆಂದು ಅವರಿಗೆ ಆಗಲೇ ಹೊಳೆದಿತ್ತು. ವಿನೀತ್ ಕತೆ ಓದಿ ಕೇಳಿದ. “ಅಜ್ಜಿಯ ಹತ್ರ ಹಲಸಿನ ಹಣ್ಣು ಇಲ್ಲದಿದ್ರೆ ಈ ಕತೆ ಹೇಗೆ ಆಗ್ತಿತ್ತು?” ಒಳ್ಳೆಯ ಪ್ರಶ್ನೆ. ತನ್ನ ಡಬ್ಬದಲ್ಲಿಲ್ಲದ ಪ್ರಶ್ನೆ. ಟೀಚರ್ ಸುಗುಣನ್ ಸಾರರಿಗೆ, “ಹಲಸಿನ ಹಣ್ಣಿನ ಬಗ್ಗೆ ಕೇಳುತ್ತಿದ್ದಾನೆ,” ಎಂದಷ್ಟೇ ಹೇಳಿದರು. ಸುಳ್ಳಲ್ಲ, ಉಪ್ಪು ಹಾಕದ ಸಾರು, ಅಷ್ಟೇ.

ವಿನೀತ್ ಸುಮ್ಮನೆ ನಿಂತ. ಗುರುವಿನ ಹಾಗೇ ನಿಂತ.

ಮಕ್ಕಳು ಮುಖ ಮುಖ ನೋಡಿದರು. ಇದು ನಿನ್ನೆಯ ಪ್ರಶ್ನೆಯಲ್ಲ. ಆದರೆ ಯತಿನನಿಗೆ ಮೊದಲು ಏಳಬೇಕೆಂದು ಹೇಳಿತ್ತು, ಎದ್ದ. “ಡ್ರೈವರ್ ಮಾಡಿದ್ದು ತಪ್ಪು,” ಎಂದು ಕೂತ. ಅವನು ಕೂತ ಕೂಡಲೇ ಪೂಜಾಶ್ರೀ ಎದ್ದು ಮಾಡು ನೋಡಿದಳು. “ನನಗೆ ಬೇರೆ ಅನ್ನಿಸುತ್ತದೆ ಟೀಚರ್.” ಎದುರಿಗೆ ನಿಂತದ್ದು ಗಂಡಸು, ಆದರೂ ಪಾತ್ರದಲ್ಲಿ ಟೀಚರ್ ಎಂದೇ ಇತ್ತು. ಹಿಂದೆಯೇ ಸಮನ್ವಯದವನು, “ಇಬ್ಬರು ಹೇಳಿದ್ದರಲ್ಲಿಯೂ ಸತ್ಯ ಉಂಟು,” ಎಂದು ಮುಗಿಸಿದ.

ವಿನೀತನ ಮುಖದಲ್ಲಿ ನಗು ಬಂದು ಅರ್ಧಕ್ಕೆ ನಿಂತಿತು. ಅವನು ಪೂಜಾಶ್ರೀಯ ಬೆಂಚಿನ ಹತ್ತಿರ ಹೋದ. “ಬೇರೆ ಎಂತ ಅನ್ನಿಸ್ತದೆ ಪೂಜಾ?”

“ಅದು ಹೇಳಿಕೊಡ್ಲಿಲ್ಲ,” ಎಂದಳು ಹುಡುಗಿ. “ಬೆಲ್ ಆಯ್ತು.”

“ಯಾರು ಹೇಳಿಕೊಡ್ಲಿಲ್ಲ?”

“ಜಲಜಾಕ್ಷಿ ಟೀಚರ್.”

ಸುಗುಣನ್ ಸಾರರಿಗೆ ಕನ್ನಡ ಬಾರದಿದ್ದರೇನು, ಹೆಸರು ಎಲ್ಲ ಭಾಷೆಯಲ್ಲಿಯೂ ಹೆಸರೇ. ಅವರು ತಿರುಗಿ, “ನಿಮ್ಮ ಬಗ್ಗೆ ಏನೋ ಹೇಳುತ್ತಿದ್ದಾಳಲ್ಲ?” ಎಂದರು.

ಕ್ಲಾಸಿನಲ್ಲಿ ಕನ್ನಡ ಗೊತ್ತಿದ್ದವರೆಲ್ಲ ಕಲ್ಲಾದರು. ಅಶ್ಮಿತಾ ಬಾಗಿಲ ಬಳಿ ಬಾಯಿ ತೆರೆದುಕೊಂಡಿದ್ದಳು. ಪಾಠ ನೋಡಲು ಬಂದಿದ್ದ ಪ್ರಿನ್ಸಿಪಾಲರು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು. ಟೀಚರರ ನಾಲಗೆಯ ತುದಿಯಲ್ಲಿ ಉತ್ತರ ರೆಡಿ ಇತ್ತು, ಹಸಿರು ಶಾಯಿಯಲ್ಲಿ ಬರೆದ ಹಾಗೆ: ನಾನೆಂದರೆ ಇಷ್ಟವಂತೆ ಸಾರ್. ಇಷ್ಟು ಹೇಳಿದರೆ ಸಾಕು. ಸುಗುಣನ್ ಸಾರ್ ನಗುತ್ತಾರೆ, ಪಾಠ ಮುಂದೆ ಹೋಗುತ್ತದೆ.

ಆಗ ಹಿಂದಿನ ಬೆಂಚಿನಿಂದ ಸೌಮ್ಯಶ್ರೀಯ ಸ್ವರ ಕೇಳಿತು, ಮಲಯಾಳದಲ್ಲಿ, ಬಹಳ ಸೌಮ್ಯವಾಗಿ. “ಸಾರ್, ಅದು ಏನೆಂದರೆ, ಟೀಚರ್ ಮಕ್ಕಳ ಹತ್ತಿರ ಮೊದಲಿಂದಲೂ ತುಂಬಾ...”

ಮುಚ್ಚಿಹಾಕಲು ಹೊರಟಿದ್ದಾಳೆ. ತನ್ನ ಮಾನವನ್ನು ತನ್ನ ಹಳೆಯ ಟ್ರೈನಿ ಸೆರಗಿನ ಕೆಳಗೆ ಮುಚ್ಚಿಟ್ಟು, ಮತ್ತೆ ಯಾವತ್ತೂ ಯಾರಿಗೂ ಹೇಳದೆ, ದಿನಾ ಕಿಟಕಿಯ ಪಕ್ಕ ಕೂತು ನಗುತ್ತಾ ಚಹಾ ಕೊಡುತ್ತಾಳೆ. ಆ ಚಹಾ ಕುಡಿಯಬೇಕು, ನಿವೃತ್ತಿಯ ತನಕ. ರೈಲು ತಪ್ಪುವುದನ್ನು ತಡೆದುಕೊಳ್ಳಬಹುದು. ಇದನ್ನು ತಡೆದುಕೊಳ್ಳಲಾಗದು.

“ನಾನು ಹೇಳಿಕೊಟ್ಟದ್ದು ಸಾರ್,” ಎಂದರು ಟೀಚರ್, ಸೌಮ್ಯಶ್ರೀಯ ಮಾತನ್ನು ಅರ್ಧಕ್ಕೆ ಕತ್ತರಿಸಿ. “ನಿನ್ನೆ ಈ ಮಕ್ಕಳನ್ನು ಕೂರಿಸಿ, ಯಾರು ಏನು ಹೇಳಬೇಕೆಂದು ನಾನೇ ಹೇಳಿಕೊಟ್ಟೆ. ಇವಳಿಗೆ ಪೂರ್ತಿ ಹೇಳಿಕೊಡುವ ಮೊದಲು ಗಂಟೆ ಹೊಡೆಯಿತು. ಮಗು ಅದನ್ನೇ ಹೇಳುತ್ತಿದ್ದಾಳೆ. ಅಶ್ಮಿತಾಳಿಗೆ ಇದು ಗೊತ್ತಿಲ್ಲ.”

ಸತ್ಯ ಹೇಳಲು ಕೆಲವರಿಗೆ ಧೈರ್ಯ ಬೇಕು, ಕೆಲವರಿಗೆ ಧರ್ಮ. ಟೀಚರರಿಗೆ ಹೊಟ್ಟೆಕಿಚ್ಚೇ ಸಾಕಾಯಿತು.

ಸುಗುಣನ್ ಸಾರ್ ಕನ್ನಡಕ ತೆಗೆದು ಒರೆಸಿದರು. ಅತ್ತ ವಿನೀತ್ ಪೂಜಾಶ್ರೀಯ ಬೆಂಚಿನ ತುದಿಯಲ್ಲಿ ಕೂತಿದ್ದ. “ಹೇಳಿಕೊಡದಿದ್ದದ್ದು ಒಳ್ಳೆದಾಯ್ತು. ಈಗ ನಿನಗೇ ಎಂತ ಅನ್ನಿಸ್ತದೆ ಹೇಳು.”

ಹುಡುಗಿ ಈ ಸಲ ಮಾಡು ನೋಡಲಿಲ್ಲ. ತನ್ನ ಕೈ ನೋಡಿಕೊಂಡಳು. ವಿನೀತ್ ಕಾದ. ಹೊರಗೆ ಅಡುಗೆಯ ಕೋಣೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ಆಮೇಲೆ ಅವಳು ಒಂದೊಂದೇ ಶಬ್ದ ಹೆಕ್ಕಿ ಹೇಳಿದಳು: “ಅಜ್ಜಿಗೆ ಜಾಗ ಇಲ್ಲ. ಆದ್ರೆ ಹಣ್ಣಿಗೆ ಜಾಗ ಉಂಟಲ್ಲ. ಬಸ್ಸು ಒಂಚೂರು ನಿಲ್ಸಿದ್ರೆ ಹಣ್ಣನ್ನು ಡ್ರೈವರಿನ ಹತ್ರ ಇಡ್ಬಹುದು. ಕ್ಲೀನರ್ ಅದನ್ನು ಆಚೆ ಸ್ಟಾಪಿನಲ್ಲಿ ಕೊಡ್ತಾನೆ. ನಮ್ಮ ಮಾವನಿಗೆ ಅಮ್ಮ ಹಾಗೇ ಕಳಿಸುದು. ಅಜ್ಜಿ ನಾಳೆ ಹೋಗ್ಲಿ. ಮಕ್ಕಳಿಗೆ ಹಣ್ಣು ಇವತ್ತೇ ಸಿಕ್ತದೆ.”

“ಅಜ್ಜಿಗೆ ಬೇಜಾರಾಗುದಿಲ್ವಾ?” ಎಂದ ಯತಿನ್, ಯಾರೂ ಹೇಳಿಕೊಡದೆ.

“ಆಗ್ತದೆ. ಆದ್ರೆ ಹಣ್ಣು ಹಾಳಾದ್ರೆ ಇನ್ನೂ ಬೇಜಾರಾಗ್ತದೆ.”

ಆ ಕೋಣೆಯಲ್ಲಿದ್ದ ಕಾಸರಗೋಡಿನವರೆಲ್ಲ ಒಂದಲ್ಲ ಒಂದು ದಿನ ಬಸ್ಸಿಗೆ ಕೈಯೊಡ್ಡಿ ಸಾಮಾನು ಕಳಿಸಿದವರೇ. ಆದರೂ ಕತೆ ಬರೆದವರಿಗಾಗಲಿ, ಪ್ರಶ್ನೆ ಬರೆದವರಿಗಾಗಲಿ, ಉತ್ತರ ಬರೆದವರಿಗಾಗಲಿ ಅದು ಹೊಳೆದಿರಲಿಲ್ಲ. ಟೀಚರ್ ಭಾಷಾಂತರಿಸಿದರು. ಈ ಸಲ ಉಪ್ಪು ಕಡಿಮೆ ಮಾಡಲು ಅವರಿಗೆ ಆಗಲಿಲ್ಲ; ಹುಡುಗಿ ನಿಂತಲ್ಲಿ ನಿಂತು, ತಡವರಿಸಿದಲ್ಲಿ ತಡವರಿಸಿ, ‘ಒಂಚೂರು’ ಎಂಬುದಕ್ಕೆ ಸರಿಯಾದ ಮಲಯಾಳ ಶಬ್ದ ಹುಡುಕಿ ಹೇಳಿದರು. ಭಾಷೆಯ ವಿಷಯದಲ್ಲಿ ಮೋಸ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಮಾಡಿದ್ದೇ ಮೊದಲು, ಅದೂ ಸಪ್ಪೆಯಾಗಿತ್ತು.

ವಾರದ ಮೇಲೆ ಆದೇಶ ಬಂತು. ತಿರುವನಂತಪುರಕ್ಕೆ ಸೌಮ್ಯಶ್ರೀ. ಜಲಜಾಕ್ಷಿ ಟೀಚರರ ಹೆಸರು ಎಲ್ಲಿಯೂ ಇರಲಿಲ್ಲ, ದೂರಿನಲ್ಲೂ ಇಲ್ಲ, ಹೊಗಳಿಕೆಯಲ್ಲೂ ಇಲ್ಲ. ಸುಗುಣನ್ ಸಾರ್ ದೊಡ್ಡ ಮನಸ್ಸಿನವರು. ಟೀಚರರಿಗೆ ಆ ದಿನಗಳಲ್ಲಿ ದೊಡ್ಡ ಮನಸ್ಸಿನವರ ಕಾಟ ವಿಪರೀತವಾಗಿತ್ತು.

ಹೊರಡುವ ಮುನ್ನಾದಿನ ಸೌಮ್ಯಶ್ರೀ ಹತ್ತಿರ ಬಂದು ನಿಂತಳು. “ಟೀಚರೇ, ಒಂದು ಕೇಳ್ಲಿಕ್ಕಿತ್ತು. ನಿಮ್ಮ ಚೀಟಿಯ ಡಬ್ಬ ಕೊಡ್ತೀರಾ? ನನಗೆ ಕಾಯ್ಲಿಕ್ಕೆ ಬರ್ತದೆ. ಪ್ರಶ್ನೆ ಬರೀಲಿಕ್ಕೆ ನಿಮ್ಮಷ್ಟು ಬರುದಿಲ್ಲ. ವಿನೀತನ ಪ್ರಶ್ನೆಗಳನ್ನೂ ನಾನು ನಿಮ್ಮ ಹಳೆ ಕ್ಲಾಸಿನ ನೋಟ್ಸ್ ನೋಡಿಯೇ ತಿದ್ದಿದ್ದು.”

“ಡಬ್ಬ ಮನೆಯಲ್ಲುಂಟು. ನೋಡುವ,” ಎಂದರು ಟೀಚರ್.

ಮನೆಯಲ್ಲಿ ಡಬ್ಬ ತೆರೆದು ಕೂತರು. ಕೊಡದಿದ್ದರೆ ಹೊಟ್ಟೆಕಿಚ್ಚೆನ್ನುತ್ತಾರೆ. ಕೊಟ್ಟರೆ ತನ್ನ ಬಾಳಿನ ಬೆವರನ್ನು ಅವಳು ರಾಜಧಾನಿಯಲ್ಲಿ ಮೈಕು ಹಿಡಿದು ಹಂಚುತ್ತಾಳೆ, ಹಸಿರು ಶಾಯಿ ಸಮೇತ. ಟೀಚರ್ ಎದ್ದು ಕತ್ತರಿ ತಂದರು.

“ಎಂತ ಮಾಡ್ತಾ ಇದ್ದೀ ಮಾರಾಯ್ತಿ?” ಎಂದರು ಧನರಾಜ್.

“ಪ್ರಶ್ನೆ ಕೇಳಿದ್ದಾಳೆ, ಪ್ರಶ್ನೆ ಕೊಡ್ತೇನೆ. ಉತ್ತರ ಯಾಕೆ ಕೊಡ್ಲಿ? ಬೇಕಾದ್ರೆ ಹುಡುಕಿಕೊಳ್ಲಿ.”

ಒಂದೊಂದೇ ಚೀಟಿಯ ಕೆಳಗಿನ ಅರ್ಧವನ್ನು ಟೀಚರ್ ಕಚಕಚನೆ ಕತ್ತರಿಸಿದರು. ಹಸಿರು ಅಕ್ಷರದ ಪಟ್ಟಿಗಳು ಮಡಿಲು ತುಂಬಿದವು. ಬಹಳ ದಿನಗಳ ಮೇಲೆ ಎದೆಯ ಉರಿ ತಣ್ಣಗಾಯಿತು. ಆ ಸಂಜೆ ಬಾಟಲಿಯನ್ನು ಮುಟ್ಟಲೇ ಇಲ್ಲ.

ಮರುದಿನ ಟೀಚರ್ ರಜೆ ಹಾಕಿದರು. ಡಬ್ಬವನ್ನು ತಾನೇ ಕೊಂಡುಹೋಗಿ ಕೊಡುವಷ್ಟು ಹೃದಯವೈಶಾಲ್ಯ ಅವರಿಗೆ ಇನ್ನೂ ಬಂದಿರಲಿಲ್ಲ. ಧನರಾಜ್ ಸೌಮ್ಯಶ್ರೀಗೆ ಫೋನ್ ಮಾಡಿ ತಿಳಿಸಿ, ಮುಳ್ಳೇರಿಯ ಸ್ಟ್ಯಾಂಡಿನಲ್ಲಿ ಕಾಸರಗೋಡಿನ ಬಸ್ಸಿಗೆ ಕೈ ಹಿಡಿದರು. ಬಸ್ಸು ತುಂಬಿತ್ತು. ಆದರೆ ಡಬ್ಬಕ್ಕೆ ಜಾಗ ಇದ್ದೇ ಇತ್ತು, ಡ್ರೈವರಿನ ಹತ್ತಿರ. ರೈಲು ಸ್ಟೇಷನ್ನಿನ ಸ್ಟಾಪಿನಲ್ಲಿ ಒಬ್ಬ ಟೀಚರ್ ಕಾಯುತ್ತಿರುತ್ತಾರೆ ಎಂದು ಹೇಳಿ ಕಳಿಸಿದರು.

ಮೂರು ದಿನ ಬಿಟ್ಟು ಫೋನ್ ಬಂತು. ಸೌಮ್ಯಶ್ರೀಯ ಹಿಂದೆ ದೊಡ್ಡ ಸಭಾಂಗಣದ ಗದ್ದಲ ಕೇಳುತ್ತಿತ್ತು.

“ಟೀಚರೇ, ಉತ್ತರದ ಭಾಗ ಕತ್ತರಿಸಿ ಕಳಿಸಿದ್ರಲ್ಲ, ಅದು ನನಗೆ ಹೊಳೆದೇ ಇರ್ಲಿಲ್ಲ. ನಾನು ಖಾಲಿ ಬಿಡಿ ಅಂತ ಬಾಯಲ್ಲಿ ಹೇಳ್ತಿದ್ದೆ. ನೀವು ಚೀಟಿಯಲ್ಲೇ ಮಾಡಿ ತೋರಿಸಿದ್ರಿ. ಇಲ್ಲಿ ಎಲ್ಲರೂ ಒಂದೊಂದು ಚೀಟಿ ಹಿಡ್ಕೊಂಡು ಜಗಳ ಮಾಡ್ತಾ ಇದ್ದಾರೆ, ಊಟಕ್ಕೂ ಏಳುದಿಲ್ಲ. ನಿಮ್ಮ ಹೆಸರು ಹೇಳಿದ್ದೇನೆ. ಟೀಚರೇ, ಇದು ನಿಮಗೆ ಹೇಗೆ ಹೊಳೀತು?”

ಕೇಳಿ ಅವಳು ಸುಮ್ಮನಾದಳು. ಕಾಯುತ್ತಿದ್ದಳು. ಆ ತುದಿಯ ಮೌನ ಈ ತುದಿಯ ಕಿವಿಯವರೆಗೆ ಬಂದು ಕೂತಿತು.

ಜಲಜಾಕ್ಷಿ ಟೀಚರ್ ಮಾಡು ನೋಡಿದರು. ಈ ಪ್ರಶ್ನೆಗೆ ಅವರ ಬಳಿ ಸರಿಯಾದ ಉತ್ತರವೇ ಇತ್ತು, ಹೇಳುವ ಹಾಗಿರಲಿಲ್ಲ.

“ನಿನಗೆ ಎಂತ ಅನ್ನಿಸ್ತದೆ?” ಎಂದು ಕೇಳಿ, ಫೋನನ್ನು ಕಿವಿಗೆ ಒತ್ತಿಕೊಂಡೇ, ಎಡಗೈಯಿಂದ ಜೆಲುಸಿಲ್ಲಿನ ಮುಚ್ಚಳ ತಿರುಗಿಸತೊಡಗಿದರು.